ಬೆಟ್ಟವಿಲ್ಲದ ನಾಡಿನಲ್ಲಿ ಮಕ್ಕಳು, ಹಿರಿಯರ ಜೊತೆ ನಡೆಯುವುದು ಎಲ್ಲಿ?

ಪ್ರಶ್ನೆ: ನಾವು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಜುಲೈನಲ್ಲಿ ಸಾಗರದಿಂದ ಅತ್ತೆ, ಮಾವ ಬರುತ್ತಿದ್ದಾರೆ. ಎರಡು ತಿಂಗಳು ಇರುತ್ತಾರೆ. ಮಾವನವರಿಗೆ ಮಂಡಿ ನೋವು, ಆದರೂ ದಿನಾ ನಡೆಯದೆ ಇರೋಕೆ ಆಗಲ್ಲ. ನಮಗೆ ಕಾರು ಶನಿವಾರ, ಭಾನುವಾರ ಮಾತ್ರ ಸಿಗುತ್ತದೆ. ಇಲ್ಲಿಯ ಫೆನ್ ಪ್ರದೇಶ ಪೂರ್ತಿ ಚಪ್ಪಟೆ ಅಂತಾರೆ. ಹಾಗಾದರೆ ಎಲ್ಲಿ ಬೇಕಾದರೂ ನಡೆಯಬಹುದಾ? ಮಕ್ಕಳಿಗೆ ಬೇಜಾರಾಗುವುದಿಲ್ಲವಾ? ಮಗಳಿಗೆ ಹಂಸ ಅಂದರೆ ಪ್ರಾಣ. ಅವನ್ನು ಎಲ್ಲಿ, ಯಾವಾಗ ನೋಡಬಹುದು?

ಉತ್ತರ: ಎಲ್ಲಿ ಬೇಕಾದರೂ ನಡೆಯಬಹುದು ಅಂದುಕೊಳ್ಳಬೇಡಿ. ಫೆನ್, ಅಂದರೆ ಜೌಗು ಬತ್ತಿಸಿದ ಈ ಬಯಲಿನಲ್ಲಿ ಏರು ಇಲ್ಲ ನಿಜ, ಆದರೆ ಏರು ಇಲ್ಲದ ದಾರಿಯೆಲ್ಲ ಸುಲಭದ ದಾರಿಯಲ್ಲ. ಈ ಭಾಗದಲ್ಲಿ ಹೊಸದಾಗಿ ಬಂದ ಮನೆಯವರ ಜೊತೆ ನಡೆಯುವಾಗ ನಾನು ಮತ್ತೆ ಮತ್ತೆ ಹೇಳುವುದು ಒಂದೇ. ಎಷ್ಟು ಮೈಲಿ ಅಂತ ನೋಡಿ ದಾರಿ ಆರಿಸಬೇಡಿ. ಕಾಲ ಕೆಳಗಿನ ನೆಲ ಎಂಥದ್ದು, ಸಾಕಾದಾಗ ಎಲ್ಲಿಂದ ವಾಪಸ್ ಬರಬಹುದು, ಈ ಎರಡನ್ನು ನೋಡಿ ಆರಿಸಿ.

ಮೊದಲು ನೆಲದ ವಿಷಯ. ಇಲ್ಲಿಯ ನದಿಗಳ ಎರಡೂ ಬದಿಗೆ ಎತ್ತರದ ಏರಿ ಇರುತ್ತದೆ, ನಮ್ಮ ಕಡೆ ಕೆರೆಗೆ ಇರುವಂಥದ್ದೇ. ಕಾಲುದಾರಿ ಬಹುತೇಕ ಆ ಏರಿಯ ನೆತ್ತಿಯ ಮೇಲೇ ಹೋಗುತ್ತದೆ. ದೂರದಿಂದ ನೋಡಿದರೆ ಹಸಿರು ಹುಲ್ಲು, ನೇರ ದಾರಿ, ಬಹಳ ಹಿತವಾಗಿ ಕಾಣುತ್ತದೆ. ಹತ್ತಿರ ಹೋದರೆ ಹುಲ್ಲಿನ ಗಡ್ಡೆಗಳು, ದನ ತುಳಿದ ಗುಳಿಗಳು. ಏರಿಯ ಜೇಡಿಮಣ್ಣು ಚಳಿಗಾಲದಲ್ಲಿ ಬೂಟಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಹುಲ್ಲು ಬೆಳೆದಾಗ ಬಿರುಕು ಕಾಣುವುದಿಲ್ಲ, ಕಾಲು ಉಳುಕುತ್ತದೆ. ಬಗ್ಗಿ, ಅಂದರೆ ಮಗುವಿನ ತಳ್ಳುಗಾಡಿ, ಇಲ್ಲಿ ತಳ್ಳುವುದಂತೂ ದೂರದ ಮಾತು. ಮಂಡಿ ನೋವಿರುವವರಿಗೆ ಇಂಥ ಅರ್ಧ ಮೈಲಿಗಿಂತ ಗಟ್ಟಿ ನೆಲದ ಎರಡು ಮೈಲಿ ಎಷ್ಟೋ ವಾಸಿ.

ಇನ್ನು ವಾಪಸ್ ಬರುವ ವಿಷಯ. ನಕ್ಷೆಯಲ್ಲಿ ನದಿಯ ಎರಡೂ ದಡದಲ್ಲಿ ದಾರಿ ಕಂಡರೆ, ಆ ಕಡೆ ಹೋಗಿ ಈ ಕಡೆ ಬರೋಣ ಅನಿಸುತ್ತದೆ. ಆದರೆ ಫೆನ್‌ನಲ್ಲಿ ಸೇತುವೆಗಳು ಕಡಿಮೆ. ಒಂದು ಬಿಟ್ಟರೆ ಇನ್ನೊಂದು ಮೈಲಿಗಟ್ಟಲೆ ದೂರ ಇರಬಹುದು. ಮಧ್ಯದಲ್ಲಿ ಮಗ ಎತ್ತಿಕೋ ಅಂದರೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ಅದಕ್ಕೇ ಮೊದಲು ಸೇತುವೆ ನೋಡಿ, ಆಮೇಲೆ ದಾರಿ ನೋಡಿ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಗಳು ಈ ಕೆಲಸಕ್ಕೆ ಚೆನ್ನಾಗಿವೆ. ನಿಮಗೆ 209, 225, 226 ಈ ಮೂರು ಹಾಳೆ ಸಾಕು. ಮೊಬೈಲ್ ನಕ್ಷೆಯಲ್ಲಿ ಸಿಗದ ಕಾಲುದಾರಿ, ಕಿರುಸೇತುವೆ ಎಲ್ಲ ಇದರಲ್ಲಿ ಸಿಗುತ್ತವೆ.

ಗಾಳಿಯನ್ನೂ ಮರೆಯಬೇಡಿ. ತಡೆಯೋಕೆ ಗುಡ್ಡ ಇಲ್ಲ, ಬೇಲಿ ಸಾಲೂ ಇಲ್ಲ. ಮನೆ ಬಿಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಹೋಗುವಾಗ ಅದು ಎದುರಿಗೆ ಇರಲಿ. ಬರುವಾಗ ಬೆನ್ನಿಗಿರುತ್ತದೆ. ಸುಸ್ತಾದ ಮಕ್ಕಳಿಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಜುಲೈನಲ್ಲಿ ಏರಿಯ ಮೇಲೆ ನೆರಳೂ ಇರುವುದಿಲ್ಲ. ಟೋಪಿ, ನೀರು ಬೇಕೇ ಬೇಕು.

ಮಕ್ಕಳಿಗೆ ಬೇಜಾರಾಗುವುದಿಲ್ಲವಾ ಅಂತ ಕೇಳಿದ್ದೀರಿ. ಈ ನೆಲದ ಕತೆ ಗೊತ್ತಿಲ್ಲದಿದ್ದರೆ ದೊಡ್ಡವರಿಗೂ ಬೇಜಾರಾಗುತ್ತದೆ. ಗೊತ್ತಾದರೆ ಇದರಷ್ಟು ವಿಚಿತ್ರ ಜಾಗ ಇನ್ನೊಂದಿಲ್ಲ ಅನಿಸುತ್ತದೆ. ಹೊರಡುವ ಮುಂಚೆ ಮಗಳಿಗೆ ಇಷ್ಟು ಹೇಳಿ.

ಈ ಬಯಲೆಲ್ಲ ಒಂದು ಕಾಲದಲ್ಲಿ ಜೌಗು. ಆಪು, ಜೊಂಡು, ಹಾವುಮೀನು, ಕಾಡುಬಾತು. ಮಧ್ಯೆ ಮಧ್ಯೆ ದ್ವೀಪದಂಥ ದಿಬ್ಬಗಳು, ಅವುಗಳ ಮೇಲೆ ಊರುಗಳು. ಈಲಿ ಪಟ್ಟಣ ಅಂಥ ಒಂದು ದ್ವೀಪ. 17ನೇ ಶತಮಾನದಲ್ಲಿ ಬೆಡ್‌ಫರ್ಡ್‌ನ ಅರ್ಲ್ ಮತ್ತು ಅವನ ಜೊತೆ ದುಡ್ಡು ಹಾಕಿದವರು ಕೊರ್ನೇಲಿಯಸ್ ವರ್ಮೈಡನ್ ಎಂಬ ಡಚ್ ಎಂಜಿನಿಯರ್‌ನನ್ನು ಕರೆಸಿ ನೀರು ಬಸಿಯುವ ಕೆಲಸಕ್ಕೆ ಹಚ್ಚಿದರು. ಓಲ್ಡ್ ಬೆಡ್‌ಫರ್ಡ್ ರಿವರ್ 1637ರಲ್ಲಿ ಮುಗಿಯಿತು, ಅದರ ಪಕ್ಕದಲ್ಲೇ ನ್ಯೂ ಬೆಡ್‌ಫರ್ಡ್ 1651ರಲ್ಲಿ. ಎರಡೂ ಸುಮಾರು 20 ಮೈಲಿ ಉದ್ದದ ನೇರ ಕಾಲುವೆಗಳು.

ನೀರು ಹೋಯಿತು. ಆಮೇಲೆ ಯಾರೂ ಎಣಿಸದ್ದು ನಡೆಯಿತು. ಇಲ್ಲಿಯ ಕಪ್ಪು ಮಣ್ಣು ಪೀಟ್, ಅಂದರೆ ಸಾವಿರಾರು ವರ್ಷ ನೀರಿನಡಿ ಕೊಳೆಯದೆ ಕೂತ ಗಿಡಗಂಟಿ. ಬಾಣಲೆಗೆ ಹಾಕಿದ ಸೊಪ್ಪು ನೀರು ಬಿಟ್ಟು ಇಳಿದುಹೋಗುವ ಹಾಗೆ, ನೀರು ಬಸಿದ ಪೀಟ್ ಕುಗ್ಗಿತು. ಗಾಳಿ ತಾಗಿದ ಭಾಗ ಕೊಳೆತು ಕರಗಿತು, ಒಣಗಿದ ಭಾಗ ವಸಂತದ ಗಾಳಿಗೆ ಹಾರಿಹೋಯಿತು. ಹೊಲಗಳು ಇಳಿದವು, ನದಿಗಳು ಇದ್ದಲ್ಲೇ ಉಳಿದವು. ಹೊಲದ ನೀರನ್ನು ಮೇಲಿರುವ ನದಿಗೆ ಎತ್ತಿ ಹಾಕಬೇಕಾಯಿತು. ಮೊದಲು ಗಾಳಿಯಂತ್ರ, ಆಮೇಲೆ ಉಗಿ, ಆಮೇಲೆ ಡೀಸೆಲ್, ಈಗ ಕರೆಂಟಿನ ಪಂಪು. ಪಂಪು ನಿಲ್ಲಿಸಿದರೆ ಬಯಲು ಮತ್ತೆ ಜೌಗಾಗುತ್ತದೆ.

ಏರಿಯ ಮೇಲೆ ನಿಂತು ಮಗಳನ್ನು ಕೇಳಿ: ನದಿ ಎತ್ತರದಲ್ಲಿದೆಯಾ, ಹೊಲ ಎತ್ತರದಲ್ಲಿದೆಯಾ? ಒಂದು ಬದಿಗೆ ದೋಣಿ ಹೋಗುತ್ತಿರುತ್ತದೆ, ಇನ್ನೊಂದು ಬದಿಗೆ ಅದಕ್ಕಿಂತ ಕೆಳಗೆ ಟ್ರ್ಯಾಕ್ಟರ್ ಓಡುತ್ತಿರುತ್ತದೆ. ಎಂಟು ವರ್ಷದವಳಿಗೆ ಇದನ್ನು ವಿವರಿಸಬೇಕಾಗಿಲ್ಲ, ತೋರಿಸಿದರೆ ಸಾಕು. ಹೋಗುವ ದಾರಿಯಲ್ಲಿ ಕಾರು ಕುಣಿಯುವುದನ್ನೂ ಗಮನಿಸಲಿ. ರಸ್ತೆಯಡಿಯ ಪೀಟ್ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ, ಅದಕ್ಕೇ ಅಲೆ ಅಲೆ.

ಈಗ ದಾರಿಗಳಿಗೆ ಬರೋಣ.

ಅತ್ತೆ, ಮಾವ ಬಂದ ಮೊದಲ ವಾರಕ್ಕೆ ಗ್ರ್ಯಾಂಟ್‌ಚೆಸ್ಟರ್ ಹುಲ್ಲುಗಾವಲು ಸರಿ. ಇದು ಫೆನ್ ಅಲ್ಲ, ಕ್ಯಾಮ್ ನದಿಯ ಪಕ್ಕದ ಹಳೇ ಗೋಮಾಳ. ಕೇಂಬ್ರಿಜ್ ನಡುವಿನಿಂದ ಗ್ರ್ಯಾಂಟ್‌ಚೆಸ್ಟರ್ ಹಳ್ಳಿ ಎರಡು ಮೈಲಿಯಷ್ಟು. ನ್ಯೂನಮ್ ದಾಟಿದ ಮೇಲೆ ಎರಡು ದಾರಿ ಸಿಗುತ್ತವೆ. ಮೇಲಿನದು ಗಟ್ಟಿ ದಾರಿ, ಬಗ್ಗಿಗೂ ಮಾವನವರಿಗೂ ಅದೇ ಇರಲಿ. ಕೆಳಗಿನದು ನೀರಿಗೆ ಅಂಟಿಕೊಂಡ ಹುಲ್ಲಿನ ದಾರಿ, ನೀವು ಮಗಳ ಕೈ ಹಿಡಿದು ಅದರಲ್ಲಿ ಬನ್ನಿ. ಎರಡೂ ಒಂದಕ್ಕೊಂದು ಕಾಣುತ್ತವೆ, ಹಾಗಾಗಿ ಬೇರೆ ಬೇರೆ ನಡೆದರೂ ಒಟ್ಟಿಗೇ ಇದ್ದಂತೆ. ಹಳ್ಳಿಯಲ್ಲಿ ಆರ್ಚರ್ಡ್ ಅನ್ನುವ ಟೀ ತೋಟ ಇದೆ. 1868ರಲ್ಲಿ ನೆಟ್ಟ ಹಣ್ಣಿನ ತೋಟ. ಅದರ ಮರಗಳ ಕೆಳಗೆ ಕೂತು ಟೀ ಕುಡಿಯುವ ರೂಢಿ 1897ರಲ್ಲಿ ಶುರುವಾಯಿತು. ಒರಗಿ ಕೂರುವ ಬಟ್ಟೆಯ ಕುರ್ಚಿಗಳಿರುತ್ತವೆ, ಮಂಡಿಗೆ ಒಳ್ಳೇ ವಿಶ್ರಾಂತಿ.

ಇಲ್ಲಿ ದನಗಳಿರುತ್ತವೆ. ಕೊಟ್ಟಿಗೆ ನೋಡಿ ಬೆಳೆದ ಅತ್ತೆಯವರಿಗೆ ಹತ್ತಿರ ಹೋಗಿ ನೇವರಿಸಬೇಕು ಅನಿಸುವುದು ಸಹಜ. ದಯವಿಟ್ಟು ಬೇಡ ಅನ್ನಿ. ಇವು ಮನುಷ್ಯರ ಕೈ ರೂಢಿಯಾದ ದನಗಳಲ್ಲ. ಕರು ಜೊತೆಗಿದ್ದರಂತೂ ದೂರದಿಂದ ಬಳಸಿ ಹೋಗಿ, ಹಸು ಮತ್ತು ಕರುವಿನ ನಡುವೆ ಯಾವತ್ತೂ ಹಾಯಬೇಡಿ.

ಕಾರಿಲ್ಲದ ದಿನಗಳಿಗೆ ಈಲಿ. ಕೇಂಬ್ರಿಜ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ನಿಲ್ದಾಣದಿಂದ ಗ್ರೇಟ್ ಊಸ್ ನದಿಯ ದಡಕ್ಕೆ ಸ್ವಲ್ಪವೇ ನಡಿಗೆ, ಆಮೇಲೆ ದಡದುದ್ದಕ್ಕೂ ಕಲ್ಲು ಹಾಸಿದ ದಾರಿ, ಕೂರಲು ಬೆಂಚು, ಸಾಲಾಗಿ ನಿಂತ ಉದ್ದನೆಯ ದೋಣಿಮನೆಗಳು. ಜೂಬಿಲಿ ಗಾರ್ಡನ್ಸ್‌ನಲ್ಲಿ ಮಕ್ಕಳ ಆಟದ ಜಾಗವಿದೆ. ಅಲ್ಲಿಂದ ಉದ್ಯಾನದ ಒಳಗೇ ಮೆಲ್ಲನೆ ಏರಿದರೆ ಕ್ಯಾಥೆಡ್ರಲ್. 1322ರಲ್ಲಿ ಅದರ ನಡುಗೋಪುರ ಕುಸಿದು ಬಿತ್ತು. ಆ ಜಾಗದಲ್ಲಿ ಎಂಟು ಮೂಲೆಯ ಗೋಪುರ ಕಟ್ಟಿ, ಮೇಲೆ ದೊಡ್ಡ ದೊಡ್ಡ ಓಕ್ ತೊಲೆಗಳಿಂದ ದೀಪಗೂಡಿನಂಥ ಶಿಖರ ನಿಲ್ಲಿಸಿದರು. ಮರದ ಕೆಲಸ ಬಲ್ಲ ಸಾಗರದವರು ಅದರ ಕೆಳಗೆ ನಿಂತು ಕತ್ತೆತ್ತಿ ನೋಡಲೇಬೇಕು.

ಈಲಿಯಿಂದ ನದಿ ಏರಿ ಹಿಡಿದು ಮುಂದೆ ಹೋಗುವುದಾದರೆ ಒಂದು ಎಚ್ಚರಿಕೆ. ಕ್ಯಾಥೆಡ್ರಲ್ ಎಷ್ಟು ದೂರದಿಂದ ಬೇಕಾದರೂ ಕಾಣುತ್ತದೆ. ವಾಪಸ್ ಬರುವಾಗ ಇಗೋ ಬಂತು ಅನಿಸುತ್ತದೆ, ಅರ್ಧ ಗಂಟೆ ನಡೆದರೂ ಅಷ್ಟೇ ದೂರದಲ್ಲಿರುತ್ತದೆ. ಬಯಲಿನಲ್ಲಿ ಕಣ್ಣಳತೆ ನಂಬೋಕಾಗಲ್ಲ. ಗಡಿಯಾರ ನೋಡಿ. ಹೋಗುವುದಕ್ಕೆ ಇಪ್ಪತ್ತೈದು ನಿಮಿಷ ಅಂತ ಗೊತ್ತು ಮಾಡಿಕೊಳ್ಳಿ. ಅದು ಮುಗಿದ ತಕ್ಷಣ ಎಲ್ಲಿದ್ದರೂ ತಿರುಗಿ. ಮೂರು ವರ್ಷದ ಮಗುವಿನ ಜೊತೆ ಇದೇ ಸರಿಯಾದ ಲೆಕ್ಕ. ಬರುವಾಗ ಅವನಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕುಟುಂಬ ನಡಿಗೆ ಸೇಂಟ್ ಐವ್ಸ್‌ನಿಂದ ಹೌಟನ್‌ವರೆಗಿನದು. ಇದಕ್ಕೂ ಕಾರು ಬೇಡ. ಕೇಂಬ್ರಿಜ್‌ನಿಂದ ಗೈಡೆಡ್ ಬಸ್‌ವೇ ಹಿಡಿಯಿರಿ. 1970ರಲ್ಲಿ ಪ್ರಯಾಣಿಕರ ರೈಲು ನಿಂತುಹೋದ ಹಳೇ ಹಳಿಯ ಜಾಗದಲ್ಲಿ ಕಾಂಕ್ರೀಟ್ ಹಳಿ ಹಾಕಿ 2011ರಲ್ಲಿ ಶುರು ಮಾಡಿದ ಬಸ್ ದಾರಿ ಇದು. ಆ ಭಾಗದಲ್ಲಿ ಡ್ರೈವರ್ ಸ್ಟಿಯರಿಂಗ್ ತಿರುಗಿಸಬೇಕಾಗಿಲ್ಲ. ಮಗನಿಗೆ ಈ ಬಸ್ಸೇ ಅರ್ಧ ಹಬ್ಬ. ಮೇಲಿನ ಮಹಡಿಯ ಮುಂದಿನ ಸೀಟು ಹಿಡಿಯಿರಿ.

ಸೇಂಟ್ ಐವ್ಸ್‌ನಲ್ಲಿ ಇಳಿದು ಮೊದಲು ಸೇತುವೆ ನೋಡಿ. 15ನೇ ಶತಮಾನದ ಕಲ್ಲು ಸೇತುವೆ, ಅದರ ನಡುವೆ ನೀರಿನ ಮೇಲೇ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಇಂಥವು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಅಲ್ಲಿಂದ ನದಿ ಪಕ್ಕದಲ್ಲೇ ಊರು ದಾಟಿ ಆಲ್ ಸೇಂಟ್ಸ್ ಚರ್ಚ್ ಕಡೆ ನಡೆಯಿರಿ. ಅದರಾಚೆ ಥಿಕೆಟ್ ಪಾತ್ ಅನ್ನುವ ದಾರಿ ಶುರುವಾಗುತ್ತದೆ. ಹೌಟನ್ ಹಳ್ಳಿಯವರೆಗೆ ಎರಡು ಮೈಲಿಯಷ್ಟು. ಪೂರ್ತಿ ಗಟ್ಟಿ ನೆಲ. ಒಂದು ಬದಿ ಮರಗಳು, ಇನ್ನೊಂದು ಬದಿ ನದಿ ಬಯಲು. ಬೇಸಿಗೆಯ ಮಧ್ಯಾಹ್ನದಲ್ಲೂ ನೆರಳಿರುವ ನದಿ ದಾರಿ ಈ ಸೀಮೆಯಲ್ಲಿ ಅಪರೂಪ. ಹತ್ತಿ ದಾಟುವ ಸ್ಟೈಲ್ ಒಂದೂ ಇಲ್ಲ, ಅಂದರೆ ಮಲೆನಾಡಿನ ತಡಬೆಯಂಥ ಮೆಟ್ಟಿಲು ಏರಿಳಿಯುವ ಕಷ್ಟ ಮಾವನವರಿಗೆ ಬರುವುದಿಲ್ಲ. ಸೈಕಲ್‌ಗಳು ಓಡಾಡುತ್ತವೆ, ಮಗನ ಕೈ ಬಿಡಬೇಡಿ.

ಹೌಟನ್‌ನಲ್ಲಿ ನ್ಯಾಷನಲ್ ಟ್ರಸ್ಟ್, ಅಂದರೆ ಹಳೇ ಕಟ್ಟಡ, ನಿಸರ್ಗದ ಜಾಗಗಳನ್ನು ಕಾಪಾಡುವ ಸಂಸ್ಥೆ, ನೋಡಿಕೊಳ್ಳುವ ನೀರಿನ ಗಿರಣಿ ಇದೆ. ಗ್ರೇಟ್ ಊಸ್ ಮೇಲೆ ಈಗಲೂ ಕೆಲಸ ಮಾಡುವ ಕೊನೆಯ ಗಿರಣಿ. ಕಲ್ಲು ತಿರುಗಿ ಗೋಧಿ ಹಿಟ್ಟು ಬೀಳುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು, ಹಿಟ್ಟು ಕೊಂಡು ತರಬಹುದು. ಬೀಸುವ ದಿನ ಯಾವುದು ಅಂತ ಮೊದಲೇ ನೋಡಿಕೊಂಡು ಹೋಗಿ. ಬುತ್ತಿಗೆ ಅಲ್ಲೇ ಹುಲ್ಲಿನ ಮೇಲೆ ಜಾಗ ಇದೆ. ಚಿತ್ರಾನ್ನ, ಚಪಾತಿ ಏನಾದರೂ ತಗೊಂಡು ಹೋಗಿ ಆರಾಮಾಗಿ ಕೂತು ತಿನ್ನಿ. ಬರುವಾಗ ಮಗಳಿಗೆ ಇನ್ನೂ ಶಕ್ತಿ ಇದ್ದು, ಗಿರಣಿ ಹತ್ತಿರ ನದಿ ದಾಟುವ ದಾರಿ ತೆರೆದಿದ್ದರೆ ಒಬ್ಬರು ಅವಳ ಜೊತೆ ಹೆಮಿಂಗ್‌ಫರ್ಡ್ ಹಳ್ಳಿಗಳ ಮೂಲಕ ಆಚೆ ದಡದ ಹುಲ್ಲುಗಾವಲಲ್ಲಿ ಬರಬಹುದು. ಉಳಿದವರು ಹೋದ ದಾರಿಯಲ್ಲೇ ಬರಲಿ. ಎರಡೂ ದಾರಿ ಸೇಂಟ್ ಐವ್ಸ್ ಸೇತುವೆಯ ಹತ್ತಿರ ಸೇರುತ್ತವೆ. ಮಳೆಗಾಲ ಅಂತ ಇಲ್ಲಿ ಬೇರೆ ಇಲ್ಲದಿದ್ದರೂ ಜಾಸ್ತಿ ಮಳೆಯಾದ ವಾರ ಈ ಬಯಲಿಗೆ ನೀರು ನುಗ್ಗುತ್ತದೆ. ಹೊರಡುವ ಬೆಳಿಗ್ಗೆ ಸರ್ಕಾರದ ಪ್ರವಾಹ ಎಚ್ಚರಿಕೆಯ ಪುಟ ನೋಡುವ ಅಭ್ಯಾಸ ಇರಲಿ.

ಅದೇ ಬಸ್‌ವೇಯಲ್ಲಿ ಮಧ್ಯೆ ಫೆನ್ ಡ್ರೇಟನ್ ಲೇಕ್ಸ್ ನಿಲ್ದಾಣವಿದೆ. ಜಲ್ಲಿ ತೆಗೆದ ಗುಂಡಿಗಳು ಈಗ ಹಕ್ಕಿಗಳ ಕೆರೆಗಳಾಗಿವೆ. ಪೂರ್ತಿ ದಿನ ಇಲ್ಲದಾಗ ಇಷ್ಟೇ ಸಾಕು.

ಕಾರು ಸಿಗುವ ಶನಿವಾರಕ್ಕೆ ವಿಕೆನ್ ಫೆನ್. ನಿಜವಾದ ಫೆನ್ ಹೇಗಿತ್ತು ಅಂತ ತೋರಿಸುವ ಜಾಗ ಇದು. ನ್ಯಾಷನಲ್ ಟ್ರಸ್ಟ್ 1899ರಲ್ಲಿ ಇಲ್ಲಿ ಸಣ್ಣ ತುಂಡು ನೆಲ ಕೊಂಡಿತು. ಅದು ಟ್ರಸ್ಟ್‌ನ ಮೊದಲ ವನ್ಯಜೀವಿ ಧಾಮ. ಈವರೆಗೆ 9,000ಕ್ಕೂ ಹೆಚ್ಚು ಬಗೆಯ ಜೀವಿಗಳು ಇಲ್ಲಿ ದಾಖಲಾಗಿವೆ. ಹಲಗೆ ಹಾಸಿದ ಸುತ್ತುದಾರಿ ಮುಕ್ಕಾಲು ಮೈಲಿ, ಬಗ್ಗಿ ಸಲೀಸಾಗಿ ಹೋಗುತ್ತದೆ. ಆಳೆತ್ತರದ ಆಪಿನ ನಡುವೆ ನಡೆಯುವಾಗ ಮೂರು ವರ್ಷದವನಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ, ಅವನಿಗೆ ಅದೇ ಕಾಡು. ಜುಲೈ, ಆಗಸ್ಟ್‌ನಲ್ಲಿ ಏರೋಪ್ಲೇನ್ ಚಿಟ್ಟೆಗಳು ಹೇರಳ. ಬಿಸಿಲಿದ್ದ ದಿನವೇ ಹೋಗಿ, ಮೋಡ ಕವಿದರೆ ಅವು ಹಾರುವುದಿಲ್ಲ.

ಇಲ್ಲೊಂದು ಮರದ ಗಾಳಿಯಂತ್ರ ಇದೆ. ಮೊದಲು ಪಕ್ಕದ ನೆಲದ ನೀರನ್ನು ಹೊರಹಾಕುತ್ತಿತ್ತು. ಇಲ್ಲಿಗೆ ತಂದ ಮೇಲೆ ಅದಕ್ಕೆ ಉಲ್ಟಾ ಕೆಲಸ, ಫೆನ್ ಒಣಗದಂತೆ ಒಳಕ್ಕೆ ನೀರೆತ್ತುವುದು. ಯಾಕೆಂದರೆ ನೀರು ಬಸಿಯದ ಈ ತುಂಡು ಕುಗ್ಗಲಿಲ್ಲ, ಸುತ್ತಲಿನ ಹೊಲಗಳು ಕುಗ್ಗಿದವು. ಜೌಗು ಮೇಲೆ, ಹೊಲ ಕೆಳಗೆ. ಮಗಳಿಗೆ ಏರಿಯ ಮೇಲೆ ಕೇಳಿದ ಪ್ರಶ್ನೆಯನ್ನು ಇಲ್ಲಿ ಅವಳೇ ಅಜ್ಜನಿಗೆ ಕೇಳಲಿ. ಮಾವನವರಿಗೆ ನಡಿಗೆ ಸಾಕಾದರೆ ಲೋಡ್ ಅಂತ ಕರೆಯುವ ಹಳೇ ಕಾಲುವೆಯಲ್ಲಿ ದೋಣಿ ಸವಾರಿ ಇದೆ. ಹೊರವಲಯದಲ್ಲಿ ಕೋನಿಕ್ ಕುದುರೆಗಳು, ಉದ್ದ ಕೂದಲಿನ ಹೈಲ್ಯಾಂಡ್ ದನಗಳು ಮೇಯುತ್ತವೆ. ನೋಡಲು ಸೊಗಸು, ಮುಟ್ಟೋಕೆ ಅಲ್ಲ.

ಇನ್ನೊಂದು ವಾರ ಪೀಟರ್‌ಬರೋ ಕಡೆ ಹೋಗುವುದಿದ್ದರೆ ಹೋಮ್ ಫೆನ್‌ನಲ್ಲಿ ನಿಲ್ಲಿಸಿ. ಬರ್ಚ್ ಮರಗಳ ಕಾಡಿನ ಅಂಚಿನಲ್ಲಿ ಒಂದು ಕಬ್ಬಿಣದ ಕಂಬ. ಪಕ್ಕದ ವಿಟಲ್‌ಸೀ ಸರೋವರ ಬತ್ತಿಸಿದಾಗ, 1851ರಲ್ಲಿ, ಕಂಬದ ತುದಿ ನೆಲದ ಸಮಕ್ಕೆ ಬರುವಂತೆ ಹೂತಿದ್ದರು. ಈಗ ಸುಮಾರು 4 ಮೀಟರ್ ಮೇಲೆ ನಿಂತಿದೆ. ಬ್ರಿಟನ್ನಿನ ಅತಿ ತಗ್ಗಿನ ನೆಲ ಇಲ್ಲೇ, ಸಮುದ್ರಮಟ್ಟಕ್ಕಿಂತ 2.75 ಮೀಟರ್ ಕೆಳಗೆ. ನಡಿಗೆ ಸಣ್ಣದು, ಶೌಚಾಲಯ ಇಲ್ಲ.

ಇನ್ನು ಜೋಪಾನದ ಮಾತು. ಕಾಲುವೆ, ಲೋಡ್‌ಗಳ ಅಂಚು ಕಡಿದಾಗಿರುತ್ತದೆ, ಕಟಕಟೆ ಇರುವುದಿಲ್ಲ. ಜೊಂಡು ಮುಚ್ಚಿರುವುದರಿಂದ ಎಲ್ಲಿ ನೆಲ ಮುಗಿದು ನೀರು ಶುರು ಅನ್ನುವುದು ಮಗುವಿಗೆ ಗೊತ್ತಾಗುವುದಿಲ್ಲ. ನೀರಿರುವ ಕಡೆ ದೊಡ್ಡವರು, ಒಳಗಡೆ ಮಕ್ಕಳು. ಇದನ್ನು ಮನೆಯಲ್ಲೇ ನಿಯಮ ಮಾಡಿ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಬಣ್ಣ ಬಳಿದಂಥ ಪಾಚಿ ಕಂಡರೆ ಕೈ ಅದ್ದಲೂ ಬಿಡಬೇಡಿ, ಕೆಲವು ಬಗೆ ವಿಷ. ಜುಲೈ ಹೊತ್ತಿಗೆ ದಾರಿಯ ಎರಡೂ ಕಡೆ ತುರಿಕೆ ಗಿಡ ಮಗನ ಮುಖದ ಎತ್ತರಕ್ಕೆ ಬಂದಿರುತ್ತದೆ. ಹುಲ್ಲಿನ ದಾರಿಗೆ ಚಡ್ಡಿ ಬೇಡ, ಪೂರ್ತಿ ಪ್ಯಾಂಟು ಹಾಕಿ.

ಉಣುಗಿನ ಬಗ್ಗೆ ನಿಮ್ಮ ಅತ್ತೆ, ಮಾವನವರಿಗೆ ಹೇಳಿಕೊಡಬೇಕಾಗಿಲ್ಲ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರು. ಆ ಕಾಯಿಲೆ ಇಲ್ಲಿಲ್ಲ, ಆದರೆ ಇಲ್ಲಿಯ ಕೆಲವು ಉಣುಗುಗಳು ಲೈಮ್ ಕಾಯಿಲೆ ಹರಡುತ್ತವೆ. ಮನೆಗೆ ಬಂದ ಮೇಲೆ ಮಕ್ಕಳ ಮಂಡಿ ಹಿಂದೆ, ಕಂಕುಳು, ತೊಡೆಸಂದು, ತಲೆಗೂದಲಿನ ಅಂಚು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹಬ್ಬುವ ಕೆಂಪು ಗುರುತು ಕಂಡರೆ, ಅಥವಾ ಜ್ವರ ಬಂದರೆ, ಜಿಪಿಗೆ, ಅಂದರೆ ನಿಮ್ಮ ಮನೆ ವೈದ್ಯರಿಗೆ, ಉಣುಗು ಕಚ್ಚಿದ್ದನ್ನು ತಿಳಿಸಿ.

ಕೇಂಬ್ರಿಜ್‌ನಿಂದ ಬೇಟ್ಸ್ ಬೈಟ್ ಲಾಕ್ ಕಡೆಗಿನ ನದಿ ದಾರಿಯೂ ಚೆನ್ನ. ಲಾಕ್ ಅಂದರೆ ಬಾಗಿಲು ಮುಚ್ಚಿ, ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆ. ದೋಣಿ ಮೇಲೇರುವುದು, ಕೆಳಗಿಳಿಯುವುದು ನೋಡೋಕೆ ಮಕ್ಕಳಿಗೆ ಲಾಕ್‌ನಷ್ಟು ಒಳ್ಳೇ ಜಾಗ ಇಲ್ಲ. ಆದರೆ ಬೆಳಿಗ್ಗೆ ಬೇಡ. ಆಗ ದೋಣಿ ಸ್ಪರ್ಧೆಯ ತಂಡಗಳು ಅಭ್ಯಾಸ ಮಾಡುತ್ತವೆ, ತರಬೇತುದಾರರು ದಡದಲ್ಲಿ ಸೈಕಲ್ ಮೇಲೆ ಬರುತ್ತಾರೆ. ಅವರ ಕಣ್ಣು ದಾರಿಗಿಂತ ದೋಣಿಯ ಮೇಲೇ ಜಾಸ್ತಿ. ಮಧ್ಯಾಹ್ನದ ಮೇಲೆ ಹೋಗಿ.

ಕೊನೆಗೆ ಮಗಳ ಹಂಸಗಳು. ಬೇಸಿಗೆಯಲ್ಲಿ ಇಲ್ಲಿ ಎಲ್ಲ ನದಿಯಲ್ಲೂ ಕಾಣುವುದು ಮ್ಯೂಟ್ ಹಂಸ, ಕಿತ್ತಳೆ ಕೊಕ್ಕಿನದು. ಗ್ರ್ಯಾಂಟ್‌ಚೆಸ್ಟರ್‌ನಲ್ಲೂ ಈಲಿಯಲ್ಲೂ ಸಿಗುತ್ತವೆ, ಜುಲೈನಲ್ಲಿ ಬೂದು ಮರಿಗಳೂ ಜೊತೆಗಿರುತ್ತವೆ. ಮರಿ ಇದ್ದಾಗ ಹತ್ತಿರ ಹೋದರೆ ರೆಕ್ಕೆ ಎತ್ತಿ ಬುಸುಗುಟ್ಟುತ್ತವೆ, ದೂರ ನಿಲ್ಲಿ. ಆದರೆ ಹಳದಿ, ಕಪ್ಪು ಕೊಕ್ಕಿನ ವೂಪರ್ ಹಂಸಗಳನ್ನು ಸಾವಿರಗಟ್ಟಲೆ ನೋಡಬೇಕೆಂದರೆ ಚಳಿಗಾಲದವರೆಗೆ ಕಾಯಬೇಕು. ಅವು ಐಸ್‌ಲ್ಯಾಂಡ್‌ನಿಂದ ಬರುತ್ತವೆ. ಆರ್ಕ್‌ಟಿಕ್ ರಷ್ಯಾದಿಂದ ಬರುವ ಬ್ಯೂಯಿಕ್ ಹಂಸಗಳೂ ಕೆಲವು ಇರುತ್ತವೆ. ವರ್ಮೈಡನ್ ತೋಡಿಸಿದ ಆ ಎರಡು ಕಾಲುವೆಗಳ ನಡುವಿನ ಊಸ್ ವಾಷಸ್ ಬಯಲು ಚಳಿಗಾಲದ ಹೆಚ್ಚಿನ ನೀರನ್ನು ಹಿಡಿದಿಡಲೆಂದೇ ಬಿಟ್ಟ ಜಾಗ. ಅಲ್ಲೇ ವೆಲ್ನಿ ಎಂಬಲ್ಲಿ ಹಕ್ಕಿ ಕೇಂದ್ರವಿದೆ, ಬೆಚ್ಚಗಿನ ಕೋಣೆಯಲ್ಲಿ ಗಾಜಿನ ಹಿಂದೆ ಕೂತು ನೋಡಬಹುದು. ಡಿಸೆಂಬರ್, ಜನವರಿಯ ಮಧ್ಯಾಹ್ನ ಹೋಗಿ. ಹಗಲೆಲ್ಲ ಹೊಲಗಳಲ್ಲಿ ಮೇಯ್ದ ಹಂಸಗಳು ಸಂಜೆ ನೀರಿಗೆ ಮರಳುತ್ತವೆ. ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ ಅನ್ನುವುದು ನೆನಪಿರಲಿ. ವಾಷಸ್ ತುಂಬಿದಾಗ ವೆಲ್ನಿ ಹತ್ತಿರದ ಎ1101 ರಸ್ತೆಯ ಮೇಲೆ ನೀರು ನಿಂತು ದಾರಿ ಮುಚ್ಚುತ್ತದೆ. ಹೊರಡುವ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ ಯಾವ ಕಡೆಯಿಂದ ಬರಬೇಕು ಅಂತ ಕೇಳಿಕೊಳ್ಳಿ.